ಸೀಸನ್ ಅರ್ಧಕ್ಕೆ 1 ಗೆಲುವು, 4 ಸೋಲು: ಕ್ರಿಕೆಟ್ ಆಡಿ ಬಂದವರ ಸಾಫ್ಟ್‌ಬಾಲ್ ತಂಡವನ್ನು ಎಲ್ಲಿಂದ ಸರಿಪಡಿಸೋದು?

ಸಂಜೆ_ಆಟ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸ್ಯಾನ್ ಹೋಸೆ ಕಡೆಯ ಕೋ-ಎಡ್ (ಗಂಡು-ಹೆಣ್ಣು ಸೇರಿ ಆಡುವ) ಸ್ಲೋ-ಪಿಚ್ (ಚೆಂಡನ್ನು ಕೆಳಗೈಯಲ್ಲಿ ನಿಧಾನವಾಗಿ ಕಮಾನಿನಂತೆ ಎಸೆಯುವ) ಲೀಗ್, ಕೆಳಗಿನ ಡಿವಿಷನ್. 10 ಪಂದ್ಯಗಳಲ್ಲಿ 5 ಮುಗಿದಿವೆ. ಸೋತದ್ದು 9–17, 12–19, 6–14, 11–16. ತಂಡದಲ್ಲಿ 14 ಜನ. ಅವರಲ್ಲಿ 9 ಮಂದಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಕ್ರಿಕೆಟ್ ಆಡಿ ಬೆಳೆದವರು, ಸಾಫ್ಟ್‌ಬಾಲ್ ಈ ವರ್ಷವೇ ಹೊಸದು. ಪ್ರತಿ ಪಂದ್ಯದಲ್ಲೂ ಯಾವುದೋ ಒಂದು ಇನ್ನಿಂಗ್ಸಿನಲ್ಲಿ ಆರೇಳು ರನ್ ಬಿಟ್ಟುಕೊಡುತ್ತೇವೆ, ಅಲ್ಲಿಗೆ ಆಟ ಕೈಬಿಟ್ಟು ಹೋಗುತ್ತದೆ. ಬ್ಯಾಟರ್‌ನ ಎಣಿಕೆ ಒಂದು ಬಾಲ್ ಒಂದು ಸ್ಟ್ರೈಕ್‌ನಿಂದ ಶುರು (ಗುರಿ ತಪ್ಪಿದ ಎಸೆತ ಬಾಲ್, ಸರಿಯಾದ ಎಸೆತ ಅಥವಾ ಹುಸಿ ಬೀಸು ಸ್ಟ್ರೈಕ್), ಬ್ಯಾಟರ್ ಪಕ್ಕದ ಪ್ಲೇಟ್ ಹಿಂದೆ ಸ್ಟ್ರೈಕ್ ಮ್ಯಾಟ್ ಹಾಸುತ್ತಾರೆ, ಚೆಂಡು ಅದರ ಮೇಲೆ ಬಿದ್ದರೆ ಸ್ಟ್ರೈಕ್. ಅಭ್ಯಾಸಕ್ಕೆ ವಾರಕ್ಕೊಮ್ಮೆ ಒಂದೂವರೆ ಗಂಟೆ ಮಾತ್ರ ಮೈದಾನ ಸಿಗುತ್ತದೆ. ಬ್ಯಾಟಿಂಗ್ ಕ್ರಮ ಬದಲಿಸೋದಾ, ಎಲ್ಲರೂ ದುಡ್ಡು ಹಾಕಿ ಒಳ್ಳೆ ಕಾಂಪೊಸಿಟ್ ಬ್ಯಾಟ್ ತರೋದಾ? ಉಳಿದ 5 ಪಂದ್ಯದಲ್ಲಿ 4 ಗೆದ್ದರೆ ಪ್ಲೇಆಫ್ ಆಸೆ ಇದೆ.

ಪೆನ್ಸಿಲ್_ರಬ್ಬರ್:

ಬ್ಯಾಟ್ ವಿಚಾರ ಆಮೇಲೆ. ಮೊದಲು ಸೋತ ನಾಲ್ಕೂ ಪಂದ್ಯದ ಸ್ಕೋರ್‌ಬುಕ್ ತೆಗೆದು, ಎದುರಾಳಿಯ ಒಂದೊಂದು ರನ್ ಮುಂದೆಯೂ ಅದು ಹೇಗೆ ಬಂತು ಅಂತ ಬರೆಯಿರಿ: ವಾಕ್ (ನಾಲ್ಕು ಬಾಲ್ ಆದಾಗ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್), ಕೈಬಿಟ್ಟ ಚೆಂಡು, ಅಡ್ಡಾದಿಡ್ಡಿ ಎಸೆತ, ಇಲ್ಲವೇ ನಿಜವಾದ ಹೊಡೆತ. 7 ಇನ್ನಿಂಗ್ಸಿನ ಆಟದಲ್ಲಿ ಎದುರಾಳಿಗೆ ಸಲ್ಲಬೇಕಾದ್ದು 21 ಔಟ್. ಕೈಬಿಟ್ಟ ಒಂದೊಂದು ಕ್ಯಾಚೂ 22ನೆಯದು, 23ನೆಯದು ಅಂತ ಸೇರುತ್ತಾ ಹೋಗುತ್ತದೆ. ಆರೇಳು ರನ್ನಿನ ಇನ್ನಿಂಗ್ಸ್ ಈ ಡಿವಿಷನ್‌ನಲ್ಲಿ ಬರೀ ಹೊಡೆತದಿಂದ ಆಗೋದು ಅಪರೂಪ. ಎರಡು ವಾಕ್, ಒಂದು ತಪ್ಪು ಎಸೆತ, ಅದರ ಹಿಂದೆ ಒಂದು ಹೊಡೆತ, ಹೆಚ್ಚಾಗಿ ಇದೇ ಸರಣಿ.

ಹಾಗಾಗಿ ಚೆಂಡು ಎಸೆಯುವ ಪಿಚರ್‌ನಿಂದ ಶುರು ಮಾಡಿ. ಎಣಿಕೆ 1-1ರಿಂದ ಅಂದರೆ ಮೂರೇ ಬಾಲಿಗೆ ವಾಕ್. ಕೋ-ಎಡ್‌ನಲ್ಲಿ ಗಂಡಸಿಗೆ ವಾಕ್ ಕೊಟ್ಟರೆ ಎರಡು ಬೇಸ್ ಅನ್ನುವ ನಿಯಮವೂ ಹಲವು ಕಡೆ ಇದೆ, ನಿಮ್ಮ ಲೀಗಿನ ನಿಯಮ ಪುಸ್ತಕ ನೋಡಿಕೊಳ್ಳಿ. ಕ್ರಿಕೆಟ್‌ನವರು ಪಿಚ್ ಮಾಡಿದರೆ ಚೆಂಡು ಚಪ್ಪಟೆಯಾಗಿ ಹೋಗುತ್ತದೆ. 6 ಅಡಿ ಎತ್ತರ ಮುಟ್ಟದಿದ್ದರೆ ಅಂಪೈರ್ ಅಕ್ರಮ ಅನ್ನುತ್ತಾರೆ, ಮುಟ್ಟಿದರೂ ಚಪ್ಪಟೆ ಚೆಂಡು ಹೊಡೆಯಲು ಸುಲಭ. ಮೇಲಿನ ಮಿತಿ ಲೀಗಿನ ಪ್ರಕಾರ 10 ಅಥವಾ 12 ಅಡಿ.

ಪಾರ್ಕಿನಲ್ಲಿ ದೊಡ್ಡವರ ಅಳತೆಯ ಫುಟ್‌ಬಾಲ್ ಗೋಲ್ ಇದ್ದರೆ ಅದರ ಅಡ್ಡಕಂಬ ಸರಿಯಾಗಿ 8 ಅಡಿ ಎತ್ತರ. ಬಲೆ ಇಲ್ಲದ ಗೋಲ್ ಹುಡುಕಿ. ಕಂಬದ ಈ ಕಡೆ 25 ಅಡಿಗೆ ಪಿಚರ್ ನಿಲ್ಲಲಿ, ಆ ಕಡೆ 25 ಅಡಿಗೆ 2 ಅಡಿ ಅಗಲ 3 ಅಡಿ ಉದ್ದದ ಹಳೇ ಕಾರ್ಪೆಟ್ ತುಂಡು ಹಾಸಿ. ಒಟ್ಟು 50 ಅಡಿ, ಪಂದ್ಯದ ದೂರವೇ. ಚೆಂಡು ಅಡ್ಡಕಂಬವನ್ನು ಸವರಿದಂತೆ ದಾಟಿ ಕಾರ್ಪೆಟ್ಟಿನ ಹಿಂದಿನ ಅರ್ಧಕ್ಕೆ ಬೀಳಬೇಕು. 60ಕ್ಕೆ 40 ಬೀಳುವವರೆಗೆ ಸ್ಪಿನ್, ಗಿಪಿನ್ ಯಾವುದೂ ಬೇಡ. ಬಲಕ್ಕೆ ಎಡಕ್ಕೆ ತಪ್ಪುತ್ತಿದ್ದರೆ ಕೈ ಮೈಗೆ ಅಡ್ಡ ಬರುತ್ತಿದೆ ಅಂತ ಅರ್ಥ, ತೋಳು ತೊಡೆ ಪಕ್ಕದಲ್ಲೇ ನೇರ ಹೋಗಲಿ. ಗಿಡ್ಡ ಬೀಳುತ್ತಿದ್ದರೆ ಚೆಂಡನ್ನು ಬೇಗ ಬಿಡುತ್ತಿದ್ದಾರೆ. ಪ್ಲೇಟಿಗೇ ತಗುಲಿದರೆ ಸ್ಟ್ರೈಕೋ ಬಾಲೋ ಅನ್ನೋದು ಲೀಗಿನಿಂದ ಲೀಗಿಗೆ ಬೇರೆ. ಅದನ್ನು ಪಂದ್ಯಕ್ಕೆ ಮುಂಚೆ ಅಂಪೈರ್ ಹತ್ತಿರ ಕೇಳಿ. ಪಿಚರ್‌ಗೆ ಫೇಸ್ ಮಾಸ್ಕ್ ಇರಲೇಬೇಕು. 50 ಅಡಿಯಿಂದ ನೇರ ಮುಖಕ್ಕೆ ಬಂದ ಹೊಡೆತಕ್ಕೆ ಕೈ ಎತ್ತಲು ಸಮಯ ಸಿಗುವುದಿಲ್ಲ.

ಎಡಗೈ_ಗ್ಲೌಸ್:

ಮೇಲಿನವರ ಮಾತು ಸರಿ. 9 ಜನ ಕ್ರಿಕೆಟ್‌ನಿಂದ ಬಂದವರು ಅಂದಿರಲ್ಲ, ನನ್ನ ಪ್ರಕಾರ ನಿಮ್ಮ ಸೋಲಿನ ಅರ್ಧ ಭಾಗ ಅಲ್ಲೇ ಇದೆ. ಅವರಿಗೆ ಆಟ ಬರುವುದಿಲ್ಲ ಅಂತಲ್ಲ. ಮೈಗೆ ಹತ್ತಿದ ಅಭ್ಯಾಸ ಇಲ್ಲಿ ತಿರುಗುಬಾಣ ಆಗುತ್ತದೆ.

ಗಾಳಿಯಲ್ಲಿ ಎದ್ದ ಚೆಂಡು ಮೊದಲನೆಯದು. ಕ್ರಿಕೆಟ್‌ನಲ್ಲಿ ಚೆಂಡು ಮೇಲಿದ್ದಾಗ ಓಡಿದರೂ ಔಟಾಗುವವನು ಹೊಡೆದವನೊಬ್ಬನೇ. ಇಲ್ಲಿ ಕ್ಯಾಚ್ ಆದರೆ ಬೇಸ್ ಬಿಟ್ಟು ಓಡಿದವರು ವಾಪಸ್ ಬಂದು ಅದೇ ಬೇಸ್ ಮುಟ್ಟಬೇಕು, ಅಷ್ಟರೊಳಗೆ ಚೆಂಡು ಅಲ್ಲಿಗೆ ಬಂದರೆ ಎರಡನೇ ಔಟ್. ಎರಡು ಔಟ್ ಆಗುವ ಮುಂಚೆ ಚೆಂಡು ಔಟ್‌ಫೀಲ್ಡ್ ಕಡೆ ಎದ್ದರೆ: ಮೂರನೇ ಬೇಸಿನವರು ಬೇಸ್ ಮೇಲೆ ಕಾಲಿಟ್ಟು ಕಾಯಲಿ, ಫೀಲ್ಡರ್ ಕೈಗೆ ತಗುಲಿದ ಕ್ಷಣ ಓಡಲಿ. ಮೊದಲ ಬೇಸಿನವರು ಅರ್ಧ ದಾರಿಗೆ ಹೋಗಿ ನಿಂತು ನೋಡಲಿ. ಎರಡು ಔಟ್ ಆಗಿದ್ದರೆ ಬ್ಯಾಟಿಗೆ ತಗುಲಿದ ಸದ್ದಿಗೇ ಎಲ್ಲರೂ ಓಟ. ಇದನ್ನು ಬೇಸ್ ಪಕ್ಕದ ಕೋಚ್ ಪ್ರತಿ ಬ್ಯಾಟರ್‌ಗೂ ಮುಂಚೆ ಗಟ್ಟಿಯಾಗಿ ಕೂಗಿ ಹೇಳಬೇಕು, "ಒಂದು ಔಟ್, ಮೇಲೆದ್ದರೆ ಅರ್ಧ ದಾರಿ" ಅಂತ.

ಮೊದಲ ಬೇಸಿನ ಹತ್ತಿರ ಕ್ರೀಸ್ ತಲುಪಿದ ಹಾಗೆ ನಿಧಾನ ಮಾಡುತ್ತಾರೆ. ಬೇಡ. ಪೂರ್ತಿ ವೇಗದಲ್ಲಿ ದಾಟಿ ಹೋಗಬಹುದು, ಎರಡನೇ ಬೇಸಿನ ಕಡೆ ಹೋಗಲು ಯತ್ನಿಸದಿದ್ದರೆ ಸಾಕು. ಜೋಡಿ ಬೇಸ್ ಇದ್ದರೆ ಕಿತ್ತಳೆ ಬಣ್ಣದ್ದು ಓಡುವವರಿಗೆ, ಬಿಳಿ ಫೀಲ್ಡರಿಗೆ. ಬ್ಯಾಟ್ ಹೊಡೆದ ಜಾಗದಲ್ಲೇ ಕೆಳಗೆ ಬಿಡಿ.

ಫೀಲ್ಡಿಂಗ್‌ನಲ್ಲಿ ಗ್ಲೌಸ್ ಇದ್ದರೂ ಬರಿಗೈ ಮೊದಲು ಚೆಂಡಿಗೆ ಹೋಗುತ್ತದೆ, ಗ್ಲೌಸ್ ತಡವಾಗಿ ಬರುತ್ತದೆ, ಕ್ಯಾಚ್ ಬೀಳುವುದು ಅದಕ್ಕೇ. ಎದೆ ಮೇಲಿನ ಚೆಂಡಿಗೆ ಗ್ಲೌಸಿನ ಬೆರಳು ಆಕಾಶಕ್ಕೆ, ಸೊಂಟದ ಕೆಳಗಿನದಕ್ಕೆ ನೆಲಕ್ಕೆ. ಬರಿಗೈ ಮುಚ್ಚಳದ ಹಾಗೆ ಆಮೇಲೆ ಬರಲಿ. ಮಂಡಿಯೂರಿ ಚೆಂಡು ತಡೆಯುವುದು ಔಟ್‌ಫೀಲ್ಡಿನಲ್ಲಿ ಒಳ್ಳೆಯದೇ, ಅಲ್ಲಿ ದಾಟಿ ಹೋದರೆ ಹೋಮ್ ರನ್. ಇನ್‌ಫೀಲ್ಡಿನಲ್ಲಿ ಮಾತ್ರ ಎದ್ದು ಎಸೆಯುವಷ್ಟರಲ್ಲಿ ಓಟಗಾರ ಬೇಸ್ ಮೇಲಿರುತ್ತಾನೆ. ಕೊನೆಯದಾಗಿ, ಸ್ಟಂಪ್ ಉರುಳಿಸುವ ಹಾಗೆ ಬೀಸಿ ಎಸೆಯುವುದು. ಚೆಂಡು ಬೇಲಿ ದಾಟಿದರೆ ಎಲ್ಲ ಓಟಗಾರರಿಗೂ ಎರಡೆರಡು ಬೇಸ್ ಪುಕ್ಕಟೆ.

ಮೂರನೇ_ಬೇಸ್:

ಬ್ಯಾಟಿಂಗ್ ಪರವಾಗಿಲ್ಲ ಅಂತ ಬಿಟ್ಟುಬಿಡಬೇಡಿ. ಸೋತ ನಾಲ್ಕರಲ್ಲಿ ನಿಮ್ಮ ಸರಾಸರಿ 9.5 ರನ್. ಕ್ರಿಕೆಟ್ ಆಡಿದವರು ಮುಂಗಾಲು ಹಾಕಿ ಡ್ರೈವ್ ಮಾಡಲು ಹೋಗುತ್ತಾರೆ. ಇಲ್ಲಿ ಚೆಂಡು ಪುಟಿಯುವುದಿಲ್ಲ, ಮೇಲಿನಿಂದ ಬೀಳುತ್ತದೆ. ಮುಂದೆ ಹೋಗಿ ಮುಟ್ಟಿದರೆ ಬ್ಯಾಟ್ ಅದರ ಅಡಿಗೆ ತಗುಲಿ ಸೀದಾ ಮೇಲೇಳುತ್ತದೆ. ಭಾರ ಹಿಂಗಾಲಿನ ಮೇಲೇ ಇರಲಿ, ಚೆಂಡು ಮುಂದಿನ ಸೊಂಟದ ಮಟ್ಟಕ್ಕೆ ಇಳಿಯುವವರೆಗೆ ಕಾಯಲಿ. ಗುರಿ ಇನ್‌ಫೀಲ್ಡರ್ ತಲೆ ಮೇಲೆ, ಔಟ್‌ಫೀಲ್ಡರ್ ಮುಂದೆ. ಎರಡು ಸ್ಟ್ರೈಕ್ ಆದಮೇಲೆ ಫೌಲ್ (ಗೆರೆಯಾಚೆ ಹೋಗುವ ಹೊಡೆತ) ಹೊಡೆದರೂ ಔಟ್ ಅನ್ನೋದು ಸ್ಲೋ-ಪಿಚ್ ನಿಯಮ. ಒಂದು ಫೌಲ್ ಮಾಫಿ ಕೊಡುವ ಲೀಗುಗಳೂ ಇವೆ.

ಕಾಂಪೊಸಿಟ್ ಬ್ಯಾಟಿಗೆ ಈಗ ದುಡ್ಡು ಹಾಕಬೇಡಿ. ಅದು ಪಳಗಲು ಒಂದೆರಡು ನೂರು ಹೊಡೆತ ಬೇಕು, ನಿಮ್ಮ ಲೀಗ್ ಒಪ್ಪುವ ಮುದ್ರೆ ಇಲ್ಲದಿದ್ದರೆ ಮೈದಾನಕ್ಕೇ ಇಳಿಸುವಂತಿಲ್ಲ. 34 ಇಂಚು, 26 ಅಥವಾ 27 ಔನ್ಸ್ ಇರುವ ಯಾವುದೇ ಒಪ್ಪಿತ ಬ್ಯಾಟ್ ಸಾಕು.

ಕ್ರಮದಲ್ಲಿ ಒಂದೇ ಬದಲಾವಣೆ: ಗಂಡು-ಹೆಣ್ಣು ಸರದಿ ಇದ್ದರೆ, ನಿಮ್ಮ ಅತಿ ಜೋರು ಹೊಡೆಯುವ ಗಂಡಸಿನ ಹಿಂದೆಯೇ ಬೇಸ್ ತಲುಪುವುದರಲ್ಲಿ ಗಟ್ಟಿಗಿತ್ತಿ ಆಟಗಾರ್ತಿ ಬರಲಿ. ಆಗ ಎದುರಾಳಿ ಬೇಕಂತಲೇ ವಾಕ್ ಕೊಟ್ಟು ಅವನಿಂದ ತಪ್ಪಿಸಿಕೊಳ್ಳಲು ಹಿಂಜರಿಯುತ್ತಾರೆ.

ಸಂಜೆ_ಆಟ:

ತುಂಬಾ ಧನ್ಯವಾದ. ಸ್ಕೋರ್‌ಬುಕ್ ನೋಡಿದೆ. ಎದುರಾಳಿಗಳ 66 ರನ್ನಲ್ಲಿ ವಾಕ್ ಮತ್ತು ಎಸೆತದ ತಪ್ಪಿನಿಂದಲೇ 31. ಹಾಗಾದರೆ ಒಂದೂವರೆ ಗಂಟೆಯನ್ನು ಹೇಗೆ ಹಂಚಲಿ? ಕೈ ಇನ್ನೂ ಪಳಗದವರನ್ನು ಎಲ್ಲಿ ನಿಲ್ಲಿಸಲಿ?

ಪೆನ್ಸಿಲ್_ರಬ್ಬರ್:

31 ಅಂದರೆ ಕೈಗೆ ಸಿಗುವ ರೋಗವೇ. ಮೊದಲ 10 ನಿಮಿಷ ಜೋಡಿಯಾಗಿ ಎಸೆತ, 40 ಅಡಿಯಿಂದ ಶುರುಮಾಡಿ 70ಕ್ಕೆ, ಎದುರಿನವರ ಎದೆಗೇ. ಆಮೇಲೆ 35 ನಿಮಿಷ ಇನ್‌ಫೀಲ್ಡ್: ನೆಲದ ಚೆಂಡು ಎತ್ತಿ ಮೊದಲ ಬೇಸಿಗೆ, ಒಬ್ಬೊಬ್ಬರಿಗೆ 15. ಅದೇ ಹೊತ್ತಿಗೆ ಪಿಚರ್ ಇಬ್ಬರೂ ಪಕ್ಕದಲ್ಲಿ ಕಾರ್ಪೆಟ್ ಅಭ್ಯಾಸ ಮಾಡಲಿ. ಮುಂದಿನ 25 ನಿಮಿಷ ಓಟಗಾರರನ್ನು ಬೇಸ್ ಮೇಲೆ ನಿಲ್ಲಿಸಿ ಔಟ್‌ಫೀಲ್ಡಿಗೆ ಚೆಂಡು ಎತ್ತಿ ಕೊಡಿ. ಔಟ್‌ಫೀಲ್ಡರ್ ಯಾವತ್ತೂ ಹೋಮ್‌ಗೆ ನೇರ ಬೀಸಬಾರದು, ನಡುವೆ ನಿಂತ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಅಥವಾ ಎರಡನೇ ಬೇಸಿನವರ ಗ್ಲೌಸಿಗೆ. ಮುಂದಿನ ಓಟಗಾರ ಸಿಗುವುದಿಲ್ಲ ಅಂದರೆ ಎರಡನೇ ಬೇಸಿಗೆ ಎಸೆದು ಹೊಡೆದವರನ್ನು ಒಂದರಲ್ಲೇ ಕಟ್ಟಿಹಾಕಿ. ಉಳಿದ 20 ನಿಮಿಷ ಬ್ಯಾಟಿಂಗ್.

ಜಾಗದ ವಿಚಾರ. ಹೊಡೆತಕ್ಕೆ ಮುಂಚೆಯೇ ಮುಂದಿನ ಬೇಸಿಗೆ ಕಳ್ಳ ಓಟ ಓಡಲು ಅವಕಾಶವಿಲ್ಲದ ಲೀಗಿನಲ್ಲಿ ಕ್ಯಾಚರ್‌ಗೆ ಕೆಲಸ ಕಡಿಮೆ, ಹೊಸಬರನ್ನು ಅಲ್ಲಿ ನಿಲ್ಲಿಸಿ, ಇನ್ನೊಬ್ಬರನ್ನು ರೈಟ್ ಫೀಲ್ಡಿಗೆ. ಮೊದಲ ಬೇಸಿಗೆ ಬೇಡವೇ ಬೇಡ, ಪ್ರತಿ ಇನ್ನಿಂಗ್ಸಿನಲ್ಲೂ ಬಹಳಷ್ಟು ಔಟು ಅಲ್ಲೇ ಬರೋದು. ಅತ್ಯುತ್ತಮ ಕೈ ಎರಡನ್ನು ಶಾರ್ಟ್‌ಸ್ಟಾಪ್ ಮತ್ತು ಲೆಫ್ಟ್-ಸೆಂಟರ್‌ಗೆ ಇಡಿ. ಬಲಗೈ ಬ್ಯಾಟರ್‌ಗಳು ಎಳೆದು ಹೊಡೆಯೋದು ಹೆಚ್ಚಾಗಿ ಆ ಕಡೆಗೇ.

ಎಡಗೈ_ಗ್ಲೌಸ್:

ಒಂದು ಸೇರಿಸುತ್ತೇನೆ. ಅನೇಕ ಕೋ-ಎಡ್ ಲೀಗುಗಳಲ್ಲಿ ಹೆಂಗಸರಿಗೆ 11 ಇಂಚಿನ ಚೆಂಡು, ಗಂಡಸರಿಗೆ 12. ನಿಮ್ಮಲ್ಲೂ ಹಾಗಿದ್ದರೆ ಅಭ್ಯಾಸಕ್ಕೂ ಎರಡೂ ತನ್ನಿ. ಬರೀ 12ರಲ್ಲಿ ಪಳಗಿದ ಪಿಚರ್ ಕೈಗೆ ಚಿಕ್ಕದು ಸಿಕ್ಕಾಗ ಮೊದಲ ಎರಡು ಎಸೆತ ಮ್ಯಾಟ್ ದಾಟಿ ಹೋಗುತ್ತವೆ, ಎಣಿಕೆ 1-1ರಿಂದ ಶುರುವಾದರೆ ಆ ಎರಡಕ್ಕೇ 3-1, ಇನ್ನೊಂದು ತಪ್ಪಿದರೆ ವಾಕ್.