ಹಾರ್ಡ್ ಡಿಸ್ಕ್ ‘ಕೆಟ್ಟಿದೆ’ ಎಂದರೆ ಏನಾಗಿದೆ? ಕೆಲವು ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬಡಾವಣೆಯ ಹಿರಿಯರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮದುವೆಯ ವಿಡಿಯೊ, ಮೊಮ್ಮಕ್ಕಳ ಫೋಟೊ, ಕ್ರಯಪತ್ರದ ಸ್ಕ್ಯಾನ್ ಎಲ್ಲವನ್ನೂ ತುಂಬಿಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೊಂದರೆ ಕೊಡತೊಡಗಿದಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದು ಅದರ ವಿಷಯ. ತಾಂತ್ರಿಕ ಭಾಗ ಬರೆದಾಗಿದೆ. ತೊಡಕಾಗಿರುವುದು ಒಂದು ಕ್ರಿಯಾಪದ: ಕೆಡು.

ಕನ್ನಡದಲ್ಲಿ ಗಾಡಿಯೂ ಕೆಡುತ್ತದೆ, ಹಾಲೂ ಕೆಡುತ್ತದೆ. ಕೆಟ್ಟು ನಿಂತ ಗಾಡಿಯನ್ನು ಸರಿಮಾಡಿಸಿ ಓಡಿಸುತ್ತೇವೆ, ಕೆಟ್ಟ ಹಾಲನ್ನು ಚೆಲ್ಲುತ್ತೇವೆ. ‘ಡಿಸ್ಕ್ ಕೆಟ್ಟಿದೆ’ ಎಂದು ಓದಿದವರು ಈ ಎರಡರಲ್ಲಿ ಒಂದನ್ನು ತಾವೇ ಊಹಿಸಿಕೊಳ್ಳುತ್ತಾರೆ. ಮೊದಲನೆಯ ಅರ್ಥ ಹಿಡಿದವರು ರಿಪೇರಿಗೆ ಇಳಿಯುತ್ತಾರೆ, ಎರಡನೆಯದನ್ನು ಹಿಡಿದವರು ಕಸಕ್ಕೆ ಹಾಕುತ್ತಾರೆ. ಎರಡೂ ದಾರಿಯಲ್ಲಿ ಒಳಗಿರುವ ಫೋಟೊ ಹೋಗಬಹುದು. ಆದ್ದರಿಂದ ಒಂದೊಂದು ಸ್ಥಿತಿಗೆ ಒಂದೊಂದು ಮಾತು ಬೇಕೇ ಬೇಕು ಎಂಬುದು ನನ್ನ ನಿಲುವು.

ತೊಂದರೆ ಕೇಬಲ್ಲಿನದೋ ವಿದ್ಯುತ್ತಿನದೋ ಆಗಿದ್ದರೆ ‘ಕೆಟ್ಟಿದೆ’ ಎನ್ನಲೇಬಾರದು. 2.5 ಇಂಚಿನ ಡಿಸ್ಕ್ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುತ್ತದೆ. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಒಂದು ಕಿಂಡಿಯನ್ನು ಹಲವಾಗಿ ಹಂಚುವ, ಸ್ವಂತ ವಿದ್ಯುತ್ ಇಲ್ಲದ ಹಬ್ ಮೂಲಕ ಜೋಡಿಸಿದರೆ ಅದೂ ಸಾಲದೆ ಡಿಸ್ಕಿನ ಒಳಗಿನ ತಟ್ಟೆ ತಿರುಗದೆಯೇ ಇರಬಹುದು, ತಿರುಗಿದರೂ ನಡುವೆ ನಿಲ್ಲಬಹುದು. ಇದಕ್ಕೆ ‘ಡಿಸ್ಕ್ ಏಳುತ್ತಿಲ್ಲ’ ಎಂದು ಬರೆದಿದ್ದೇನೆ.

‘ಫಾರ್ಮ್ಯಾಟ್ ಮಾಡಬೇಕು’ ಎಂದು ಕಂಪ್ಯೂಟರ್ ಕೇಳುವ ಸ್ಥಿತಿ ಬೇರೆ. ಬರವಣಿಗೆ ನಡೆಯುತ್ತಿರುವಾಗಲೇ ಡಿಸ್ಕನ್ನು ಕಿತ್ತರೆ ಹೀಗಾಗುವುದುಂಟು. ಕಡತಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ, ಯಾವುದು ಎಲ್ಲಿದೆ ಎಂದು ಹೇಳುವ ಸೂಚಿ ಮಾತ್ರ ಹಾಳಾಗಿರುತ್ತದೆ. ಇಂಗ್ಲಿಷಿನಲ್ಲಿ ‘ಕರಪ್ಟ್’ ಎನ್ನುವ ಇದಕ್ಕೆ ಕೆಲವು ಅನುವಾದಗಳಲ್ಲಿ ‘ಭ್ರಷ್ಟಗೊಂಡಿದೆ’ ಎಂದಿರುವುದನ್ನು ನೋಡಿದ್ದೇನೆ. ಇದನ್ನು ನಾನು ಒಪ್ಪಲಾರೆ. ಇಂದಿನ ಕನ್ನಡದಲ್ಲಿ ಭ್ರಷ್ಟ ಎಂದೊಡನೆ ಲಂಚ ಕಣ್ಣಿಗೆ ಕಟ್ಟುತ್ತದೆ. ಹಸ್ತಪ್ರತಿ ಸಂಪಾದಕರು ತಪ್ಪಾಗಿ ಬಂದ ಪಾಠವನ್ನು ‘ಅಪಪಾಠ’ ಎನ್ನುತ್ತಾರೆ, ಆದರೆ ಅದು ಮನೆಮಂದಿಗೆ ದೂರದ ಮಾತು. ಸದ್ಯಕ್ಕೆ ‘ಕಡತಸೂಚಿ ಕಲಸಿಹೋಗಿದೆ’ ಎಂದಿಟ್ಟಿದ್ದೇನೆ. ಇದಕ್ಕಿಂತ ಚುರುಕಾದದ್ದು ಇದೆಯೇ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಮೂರನೆಯ ಸ್ಥಿತಿ. ಡಿಸ್ಕಿನ ತಟ್ಟೆಯ ಮೇಲ್ಮೈ 512 ಅಥವಾ 4096 ಬೈಟಿನ ಸೆಕ್ಟರ್‌ಗಳಾಗಿ ಹಂಚಿರುತ್ತದೆ. ಕೆಲವನ್ನು ಓದಲಾಗದೆ ಹೋದಾಗ ಡಿಸ್ಕ್ ಅವನ್ನು ಗುರುತಿಸಿಟ್ಟುಕೊಂಡು, ಮೀಸಲಿಟ್ಟ ಬೇರೆ ಸೆಕ್ಟರ್‌ಗಳನ್ನು ಬದಲಿಗೆ ಕೊಡುತ್ತದೆ. ಈ ಲೆಕ್ಕವೆಲ್ಲ ಡಿಸ್ಕ್ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆಯಲ್ಲಿರುತ್ತದೆ. 5ನೆಯ ಅಂಶ ಬದಲಾಯಿಸಿದ ಸೆಕ್ಟರ್‌ಗಳದ್ದು, 197ನೆಯದು ಇನ್ನೂ ತೀರ್ಮಾನವಾಗದೆ ಉಳಿದವುಗಳದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ಇಂಥ ಡಿಸ್ಕಿಗೆ ಹಳದಿ ಬಣ್ಣ ತೋರಿಸಿ ಎಚ್ಚರಿಸುತ್ತದೆ. ಡಿಸ್ಕ್ ನಡೆಯುತ್ತಲೇ ಇರುತ್ತದೆ, ಕಡತ ತೆರೆಯುವುದು ನಿಧಾನವಾಗುತ್ತದೆ, ನಕಲು ಮಾಡುವಾಗ ಅಲ್ಲಲ್ಲಿ ತಡೆಯುತ್ತದೆ.

ಆ ಸೆಕ್ಟರನ್ನು ‘ಕೆಟ್ಟ ವಲಯ’ ಎಂದರೆ ನಗರಪಾಲಿಕೆಯ ವಲಯ ಕಚೇರಿ ನೆನಪಾಗುತ್ತದೆ. ನನಗೆ ಹೊಳೆದ ಪದ ‘ಹುಳುಕು’. ಹುಳುಕು ಹಲ್ಲು ಎಲ್ಲರಿಗೂ ಗೊತ್ತು: ಮೇಲೆ ನೋಡಿದರೆ ಹಲ್ಲು ಇದ್ದಂತೆಯೇ ಇರುತ್ತದೆ, ಅಗಿಯುವ ಕೆಲಸವೂ ನಡೆಯುತ್ತಿರುತ್ತದೆ. ಆದರೆ ಒಂದು ಆಕ್ಷೇಪವನ್ನು ನಾನೇ ಮುಂದಿಡಬೇಕು. ಹುಳುಕು ಎಂದರೆ ಹರಡಿಯೇ ತೀರುತ್ತದೆ ಎಂಬ ಧ್ವನಿಯಿದೆ. ಡಿಸ್ಕಿನಲ್ಲಿ ಒಂದೆರಡು ಸೆಕ್ಟರ್ ಹೋಗಿ ಅಲ್ಲಿಗೇ ನಿಲ್ಲುವುದೂ ಉಂಟು, ವಾರದೊಳಗೆ ಸಂಖ್ಯೆ ಏರುವುದೂ ಉಂಟು. ಹಿರಿಯರು ಗಾಬರಿಯಾಗಬಾರದು, ಉದಾಸೀನವನ್ನೂ ಮಾಡಬಾರದು. ‘ಹುಳುಕು’ ಈ ತೂಕವನ್ನು ಹೊರುತ್ತದೆಯೇ?

ಇಡೀ ಸ್ಥಿತಿಗೆ ‘ಹದಗೆಟ್ಟಿದೆ’ ಎಂದು ಬಳಸಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ. ಹದಗೆಟ್ಟದ್ದು ಪೂರ್ತಿ ಹೋಗಿಲ್ಲ, ಆದರೆ ನೆಚ್ಚಿಕೊಳ್ಳುವಂತಿಲ್ಲ. ಇಂಥ ಡಿಸ್ಕಿನಿಂದ ಮೊದಲು ಮುಖ್ಯ ಕಡತಗಳನ್ನು ಬೇರೆ ಕಡೆಗೆ ಸಾಗಿಸಬೇಕು, ಸರಿಪಡಿಸುವ ಮಾತು ಆಮೇಲೆ. ಡಿಸ್ಕನ್ನೆಲ್ಲ ಮೂಲೆಮೂಲೆ ಓದಿಸುವಂತೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದರೆ ಇರುವ ಆಯುಸ್ಸೂ ಅದಕ್ಕೇ ಖರ್ಚಾಗಬಹುದು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನು ಮೊದಲು ತೆಗೆದುಕೊಂಡು, ಹಟ ಮಾಡುವ ಜಾಗಗಳನ್ನು ನಕ್ಷೆಯಲ್ಲಿ ಗುರುತುಹಾಕಿಟ್ಟು ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ.

ಹಾಗೆ ಬಂದ ಕಡತದ ನಡುವೆ ಓದಲಾಗದ ತೂತುಗಳಿರಬಹುದು. ಇದಕ್ಕೆ ಪದ ನಮ್ಮೂರಿನಲ್ಲೇ ಸಿದ್ಧವಾಗಿದೆ ಎಂದು ನನ್ನ ನಂಬಿಕೆ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳ ಲೋಕದಲ್ಲಿ ಮುರಿದ, ಅಪೂರ್ಣವಾದ ಪ್ರತಿ ‘ತ್ರುಟಿತ’. ನಡುವೆ ಪಠ್ಯ ಬಿಟ್ಟುಹೋಗಿದ್ದರೆ ಅದು ‘ಗ್ರಂಥಪಾತ’. ತ್ರುಟಿತ ಫೋಟೊ, ತ್ರುಟಿತ ವಿಡಿಯೊ ಎಂದು ಬರೆದರೆ ಓದುಗರಿಗೆ ಭಾರವಾದೀತೇ? ನನಗೆ ಈ ಪದದ ಮೇಲೆ ಪ್ರೀತಿಯಿದೆ, ಅದಕ್ಕಾಗಿಯೇ ಹೊರಗಿನವರ ಅಭಿಪ್ರಾಯ ಬೇಕು.

ಹೆಡ್, ಅಂದರೆ ತಟ್ಟೆಯ ಮೇಲೆ ಓದಿ ಬರೆಯುವ ಭಾಗ, ಹೋದ ಡಿಸ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರಿಯಾದ ಕೇಬಲ್, ಸಾಕಷ್ಟು ವಿದ್ಯುತ್ ಇದ್ದೂ ಒಂದೇ ಲಯದಲ್ಲಿ ಟಕ್ ಟಕ್ ಎನ್ನುತ್ತಿದ್ದರೆ ಆ ಕ್ಷಣವೇ ಕಿತ್ತಿಡಬೇಕು, ಪ್ರತಿ ಸುತ್ತೂ ತಟ್ಟೆಯನ್ನು ಗೀರಬಹುದು. ಫ್ರಿಜ್ಜಿನಲ್ಲಿಡಿ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಹೊರತೆಗೆದಾಗ ಒಳಗೆ ತೇವ ಕಟ್ಟುತ್ತದೆ, ಹಾನಿಯೇ ಹೆಚ್ಚು. ಹೆಡ್ ಹೋದ ಈ ಸ್ಥಿತಿಗೆ ‘ಕೈಕೊಟ್ಟಿದೆ’ ಸಾಕೆಂದುಕೊಂಡಿದ್ದೇನೆ.

ಇನ್ನೆರಡು ಮಾತು. ಅಂಗಡಿಗೆ ಹೋಗಿ ‘ರಿಪೇರಿ ಮಾಡಿಕೊಡಿ’ ಎಂದರೆ ಫಾರ್ಮ್ಯಾಟ್ ಮಾಡಿದ, ಚೆನ್ನಾಗಿ ನಡೆಯುವ, ಖಾಲಿ ಡಿಸ್ಕ್ ಕೈಗೆ ಬರಬಹುದು. ಕೇಳಿದ್ದನ್ನೇ ಅವರು ಮಾಡಿರುತ್ತಾರೆ. ಹಾಗಾಗಿ ‘ಒಳಗಿರುವುದನ್ನು ಉಳಿಸಿಕೊಡಿ, ಡಿಸ್ಕ್ ಹೋದರೂ ಚಿಂತೆಯಿಲ್ಲ’ ಎಂಬ ಇಡೀ ವಾಕ್ಯವನ್ನೇ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ. ‘ಮರುಪಡೆಯುವಿಕೆ’ಯನ್ನು ಯಾರೂ ಅಂಗಡಿಯಲ್ಲಿ ಉಚ್ಚರಿಸುವುದಿಲ್ಲ.

ಇನ್ನೊಂದು ‘ಬ್ಯಾಕಪ್’. ‘ಬ್ಯಾಕಪ್‌ಗೆ ಹಾಕಿದ್ದೇನೆ’ ಎನ್ನುವ ಅನೇಕರು ಫೋಟೊಗಳನ್ನು ಡಿಸ್ಕಿಗೆ ಸಾಗಿಸಿ ಕಂಪ್ಯೂಟರಿನಿಂದ ಅಳಿಸಿರುತ್ತಾರೆ. ಅಲ್ಲಿಗೆ ಇರುವುದು ಒಂದೇ ಪ್ರತಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ ಎಂಬ ನಿಯಮಕ್ಕೆ ಇದು ಪೂರಾ ವಿರುದ್ಧ. ‘ನಕಲು’ ತಾಲ್ಲೂಕು ಕಚೇರಿಯಲ್ಲಿ ಸರಿಯಾದ ಪದ, ಆದರೆ ಪಕ್ಕದಲ್ಲೇ ‘ನಕಲಿ’ ಕುಳಿತಿದೆ. ‘ಜೋಡಿಪ್ರತಿ’ ಎಂದರೆ ಇನ್ನೊಂದು ಇರಲೇಬೇಕು ಎಂಬುದು ಪದದಲ್ಲೇ ಬರುತ್ತದೆಯಲ್ಲವೇ?

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ರಿಪೇರಿ ಅಂಗಡಿಗಳಲ್ಲಿ ಕೆಲಸಗಾರರು ಹದಗೆಟ್ಟ ಡಿಸ್ಕಿಗೆ ತಮ್ಮೊಳಗೆ ಏನೆನ್ನುತ್ತಾರೆ ಎಂಬುದನ್ನು ಕೇಳಿದ್ದವರು ದಯವಿಟ್ಟು ಬರೆಯಿರಿ. ಬಳಕೆಯ ಮಾತು ಸಿಕ್ಕರೆ ನನ್ನ ಪದಗಳನ್ನು ಬಿಟ್ಟು ಅದನ್ನೇ ಅಚ್ಚಿಗೆ ಕಳುಹಿಸುತ್ತೇನೆ.