ವರದಾ ದಂಡಿ ಹೊಲದಾಗ ಪಾತರಗಿತ್ತಿ ನಿಲ್ಲಬೇಕಂದ್ರ ಏನ್ ಹಚ್ಚಬೇಕ್ರಿ?

ಹೊಲದೊಡ್ಡು, ಹಾವೇರಿ:
ಹೊಳಿಗೆ ಹತ್ತಿ ಎರಡು ಗುಂಟೆ ಪಡ ಬಿದ್ದ ಜಾಗ ಐತಿ, ಎರಿ ಮಣ್ಣು. ಚೆಂಡುಹೂವು, ಲಂಟಾನ ಅದಾವ. ಪಾತರಗಿತ್ತಿ ಬರ್ತಾವ, ಹೋಗ್ತಾವ. ಬಾಜೂಕ ಗೋವಿನಜೋಳಕ್ಕ ಲದ್ದಿಹುಳದ ಎಣ್ಣಿ ಹೊಡೀತಾರ. ರಾತ್ರಿ ಲೈಟಿಗೆ ಬರೋ ಪತಂಗಕ್ಕೂ ಏನರ ಮಾಡಬಹುದಾ?

ಎಕ್ಕದ ಗಿಡ:
ಚೆಂಡುಹೂವು ಖಾನಾವಳಿ ಇದ್ದಂಗ, ಉಂಡು ಹೋಗ್ತಾವ. ತತ್ತಿ ಇಡಾಕ ಒಂದೊಂದು ಜಾತಿಗೆ ಒಂದೊಂದು ಗಿಡ ಬೇಕು. ಒಡ್ಡಿನ ಎಕ್ಕ ಕಡೀಬ್ಯಾಡ್ರಿ, ಪ್ಲೇನ್ ಟೈಗರ್ ಪಾತರಗಿತ್ತಿ ಮರಿ ಅದರ ಮ್ಯಾಲ ಬೆಳೀತಾವ. ದನ ಸಾಮಾನ್ಯವಾಗಿ ಮುಟ್ಟಂಗಿಲ್ಲ, ಬೇಲಿ ಖರ್ಚಿಲ್ಲ. ಎಕ್ಕದ ಹಾಲು ಕಣ್ಣಿಗೆ ಸಿಡಿಯದಂಗ ನೋಡ್ಕೊಳ್ರಿ. ಲೈಮ್ ಪಾತರಗಿತ್ತಿಗೆ ಕರಿಬೇವು, ನಿಂಬಿ, ಬಿಲ್ವಪತ್ರಿ. ಹಳದಿ ಎಮಿಗ್ರಂಟ್‌ಗೆ ಕಕ್ಕಿ. ಕಾಮನ್ ಕ್ಯಾಸ್ಟರ್‌ಗೆ ಔಡಲ. ಕಾಮನ್ ರೋಸ್‌ಗೆ ಈಶ್ವರಿ ಬಳ್ಳಿ ಬಿಟ್ಟರ ದಾರಿ ಇಲ್ಲ. ಒಂದ ಬಳ್ಳಿ ಇದ್ರ ಮರಿ ಬೋಳು ಮಾಡಿ ಉಪವಾಸ ಬೀಳ್ತಾವ, ಐದಾರು ಹಬ್ಬಸ್ರಿ. (ಹಾವು ಕಡದ್ರ ಈ ಬಳ್ಳಿನ ಕುಡಸ್ತಾರ. ಬ್ಯಾಡ, ಕಿಡ್ನಿ ಕೆಡತೈತಿ.)

ಎರಿ ಮಣ್ಣಿನಾಗ ಮಳಿಗಾಲಕ್ಕ ನೀರು ನಿಂತು ಕರಿಬೇವಿನ ಬೇರು ಕೊಳೀತೈತಿ. ಒಂದು ಫೂಟು ದಿಬ್ಬ ಏರಿಸಿ, ಒಂದು ಬುಟ್ಟಿ ಗೊಬ್ಬರ ಹಾಕಿ ಹಚ್ರಿ.

ಸುಳಿಗೆ ಮಾತ್ರ:
ನರ್ಸರಿ ಸಸಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟಿದ್ದರೆ ಅದು ಎಲೆಯೊಳಗೇ ಇರುತ್ತದೆ, ತೊಳೆದರೂ ಹೋಗದು. ತಿಂದ ಮರಿ ಸಾಯುತ್ತದೆ. ಕೇಳಿ ತನ್ನಿ, ಇಲ್ಲವೇ ಬೀಜದಿಂದ ಮಾಡಿ. ಕರಿಬೇವಿನ ಕಪ್ಪು ಹಣ್ಣಿನ ತಿರುಳು ತೆಗೆದು ಕೆಲವೇ ದಿನಗಳಲ್ಲಿ ಬಿತ್ತಬೇಕು, ಒಣಗಿಸಿಟ್ಟರೆ ಮೊಳೆಯುವುದಿಲ್ಲ.

ಗೋವಿನಜೋಳದವರ ಜೊತೆ ಜಗಳ ಬೇಡ. ಲದ್ದಿಹುಳ ಕೂರುವುದು ಸುಳಿಯಲ್ಲಿ. ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಅಂದರೆ ನೀರಿನಲ್ಲಿ ಕರಗುವ ಹರಳಿನ ಕೀಟನಾಶಕ, ಲೀಟರ್ ನೀರಿಗೆ 0.4 ಗ್ರಾಂ, ಗಾಳಿ ತಗ್ಗಿದ ಸಂಜೆ ನಾಝಲ್ ಸುಳಿಗೇ ಹಿಡಿದು ಹೊಡೆದರೆ ಅವರ ಔಷಧಿಯೂ ಉಳಿಯುತ್ತದೆ, ನಿಮ್ಮ ಕಡೆ ಹಾರುವುದೂ ಕಡಿಮೆ. ನಡುವೆ ದಟ್ಟ ತೊಗರಿ ಸಾಲಿರಲಿ.

ಕತ್ತಲ ಹುಳ:
ಪತಂಗಕ್ಕೆ ಮೊದಲ ಉಪಕಾರ ಲೈಟ್ ಆರಿಸೋದು. ಬೇಕೇ ಬೇಕಂದ್ರೆ ಬಿಳಿ ಎಲ್‌ಇಡಿ ತೆಗೆದು 2700 ಕೆಲ್ವಿನ್ ಹಳದಿ ಬಲ್ಬ್ ಹಾಕಿ, ನೆಲಕ್ಕೆ ಮುಖ ಮಾಡಿ. ಉದುರಿದ ಎಲೆ ಸುಡಬೇಡಿ: ಕಣಗಿಲೆ, ನಂದಿಬಟ್ಟಲಿನ ಎಲೆ ತಿನ್ನೋ ದೊಡ್ಡ ಹಸಿರು ಹಾಕ್‌ಮಾತ್ ಪತಂಗದ ಮರಿ ಆ ಕಸದಡಿಯಲ್ಲೇ ಕೋಶ ಆಗುತ್ತೆ. ಕಣಗಿಲೆ ದನಕ್ಕೆ ವಿಷ, ದಾರಿ ಬದಿ ಹಾಕಬೇಡಿ.

ಹೊಲದೊಡ್ಡು, ಹಾವೇರಿ:
ಕರಿಬೇವಿನ ಮ್ಯಾಲ ಹಕ್ಕಿ ಹಿಕ್ಕಿಯಂಥ ಹುಳ ಅದಾವ. ಬೇವಿನೆಣ್ಣಿ ಹೊಡೀಲ್ಯಾ?

ಎಕ್ಕದ ಗಿಡ:
ಅಯ್ಯ, ಅವ ರೀ ನೀವು ಕೇಳಿದ್ದು! ಲೈಮ್ ಮರಿ. ಕಡೀ ಪೊರಿ ಬಿಟ್ಟಮ್ಯಾಲ ಹಸಿರಾಗ್ತಾವ, ಮುಟ್ಟಿದ್ರ ಕಿತ್ತಳಿ ಕೋಡು ಹೊರಗ ಹಾಕಿ ನಾರತಾವ. ಬೇವಿನೆಣ್ಣಿ, ಹುಳ ಕೊಲ್ಲೋ ಬ್ಯಾಕ್ಟೀರಿಯಾದ ಬಿಟಿ ಪುಡಿ ಎರಡೂ ಇವನ್ನೂ ಕೊಲ್ತಾವ. ಗಿಡ ಸಣ್ಣದಿದ್ರ ನಾಲ್ಕೈದು ಬಿಟ್ಟು, ಉಳಿದದ್ದನ್ನ ಎಲಿ ಸಮೇತ ಚಿವುಟಿ ನಿಂಬಿಗಿಡಕ್ಕ ಇಡ್ರಿ.