ಫ್ರಾನ್ಸಿನ ಲಾಂಡ್ ತೀರದಲ್ಲಿ ಒಂದು ವಾರ: ಎಲ್ಲಿ ಉಳಿಯೋದು, ಯಾವಾಗ ಹೋಗೋದು?

ಪ್ರಶ್ನೆ: ನಾವು ನೆದರ್‌ಲೆಂಡ್ಸಿನಲ್ಲಿದ್ದೇವೆ. ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಮಗಳಿಗೆ ಆರು ವರ್ಷ. ದಿನಕ್ಕೊಂದು ಊರು ಸುತ್ತುವ ಪ್ರವಾಸ ಬೇಡ, ಬೋರ್ಡೋ ಹತ್ತಿರದ ಲಾಂಡ್ ಕಡಲತೀರದಲ್ಲಿ ಒಂದು ವಾರ ಸುಮ್ನೆ ಇರಬೇಕು. ಅಲ್ಲಿ ಸರೋವರಗಳೂ ಇವೆಯಂತೆ. ಎಲ್ಲಿ ಉಳಿದರೆ ಒಳ್ಳೆಯದು? ನಾವು ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ: ನಾವು ತುಲೂಸ್‌ನಲ್ಲಿರುವುದರಿಂದ ಬೇಸಿಗೆ ಬಂದರೆ ಆ ಕಡೆಗೇ ಹೋಗುವುದು. ನನ್ನ ಸಲಹೆ ಒಂದೇ: ಮನೆ ಸರೋವರದ ದಂಡೆಯಲ್ಲಿ ಹಿಡಿಯಿರಿ, ಸಮುದ್ರಕ್ಕೆ ಸಂಜೆ ಹೋಗಿ ಬನ್ನಿ. ಹೆಚ್ಚಿನವರು ಸಮುದ್ರ ಕಾಣುವ ಮನೆಯನ್ನೇ ಹುಡುಕುತ್ತಾರೆ. ಆದರೆ ನಿಮ್ಮ ಜೊತೆ ಮಗು ಇದೆ, ವಯಸ್ಸಾದವರೂ ಇದ್ದಾರೆ ಅಲ್ವಾ, ನಿಮಗೆ ಅದು ಸರಿಹೋಗುವುದಿಲ್ಲ.

ಯಾಕೆ ಅಂದರೆ, ಅಲ್ಲಿ ಅಟ್ಲಾಂಟಿಕ್ ಬಹಳ ಒರಟು. ಅಲೆ ದೊಡ್ಡದು, ಸೆಳೆತ ಜಾಸ್ತಿ. ಮರಳಿನ ದಿಬ್ಬಗಳ ನಡುವೆ ನೀರು ನಿಂತು ಕೊಳದ ಹಾಗೆ ಕಾಣುತ್ತದೆ, ಅದಕ್ಕೆ ಅಲ್ಲಿ ಬೈನ್ ಅನ್ನುತ್ತಾರೆ. ಮಕ್ಕಳನ್ನು ಬಿಡೋಣ ಅನ್ನಿಸುವಷ್ಟು ಶಾಂತವಾಗಿರುತ್ತದೆ. ಆದರೆ ಆ ನೀರು ಸಮುದ್ರಕ್ಕೆ ವಾಪಸ್ ಹೋಗುವಾಗ ಒಳಗಿದ್ದವರನ್ನೂ ಎಳೆದುಕೊಂಡು ಹೋಗುತ್ತದೆ. ಈಜು ಬಲ್ಲ ದೊಡ್ಡವರೂ ಸಿಕ್ಕಿಕೊಳ್ಳುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು, ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಅಲ್ಲಿ ರಕ್ಷಕರು ಕಾವಲಿರುತ್ತಾರೆ. ಬರೀ ಕೆಂಪು ಬಾವುಟ ಹಾರಿದ್ದರೆ ಪಾದ ಒದ್ದೆ ಮಾಡುವುದೂ ಬೇಡ.

ಸರೋವರದಲ್ಲಿ ಈ ಭಯ ಇಲ್ಲ. ಸಾಂಗಿನೆ, ಬಿಸ್ಕಾರೋಸ್ ಕಡೆಯ ದಂಡೆಗಳಲ್ಲಿ ಕಾಲಡಿ ನುಣುಪು ಮರಳು. ತುಂಬಾ ದೂರ ನಡೆದರೂ ನೀರು ಸೊಂಟದ ಮಟ್ಟ ದಾಟುವುದಿಲ್ಲ, ಸಮುದ್ರಕ್ಕಿಂತ ಬೆಚ್ಚಗೂ ಇರುತ್ತದೆ. ದಂಡೆವರೆಗೂ ಪೈನ್ ಮರ. ನಿಮ್ಮ ತಂದೆ ತಾಯಿ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಮೊಮ್ಮಗಳು ಕಣ್ಣೆದುರಿಗೇ ಆಡುತ್ತಿರುತ್ತಾಳೆ. ಈ ಸರೋವರಗಳು ಆಗಿದ್ದೇ ಮರಳಿನಿಂದ. ಗಾಳಿ ಮರಳು ತಂದು ಗುಡ್ಡೆ ಹಾಕಿ ಹಳ್ಳಗಳ ದಾರಿ ಕಟ್ಟಿತು, ನೀರು ಒಳಗೇ ನಿಂತಿತು. ಹಿಂದೆ ಅದೆಲ್ಲ ಜೌಗು ನೆಲ. ಕುರಿ ಕಾಯುವವರು ಮರಗಾಲು ಕಟ್ಟಿಕೊಂಡು ಓಡಾಡುತ್ತಿದ್ದರು. 1857ರ ಕಾನೂನಿನ ನಂತರವೇ ಅಲ್ಲಿ ಪೈನ್ ನೆಡುವುದು ದೊಡ್ಡ ಮಟ್ಟದಲ್ಲಿ ನಡೆದದ್ದು. ಬೇಸಿಗೆಯ ಊರಹಬ್ಬಗಳಲ್ಲಿ ಈಗಲೂ ಮರಗಾಲಿನ ಕುಣಿತ ಇರುತ್ತದೆ. ನೀವು ಇರುವ ವಾರ ಸಿಕ್ಕರೆ ತಪ್ಪಿಸಬೇಡಿ, ಅಪ್ಪ ಅಮ್ಮನಿಗೆ ಖಂಡಿತ ಖುಷಿಯಾಗುತ್ತದೆ.

ಬಿಸ್ಕಾರೋಸ್ ನಿಮಗೆ ಸರಿ ಅಂತ ನನ್ನ ಅನಿಸಿಕೆ. ಊರಿನ ಉತ್ತರಕ್ಕೂ ದಕ್ಷಿಣಕ್ಕೂ ಸರೋವರ, ಪಶ್ಚಿಮಕ್ಕೆ ಸಮುದ್ರ. ಕಾರಿನಲ್ಲಿ ಎಲ್ಲವೂ ಹತ್ತಿರ. ಜುಲೈನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಹಾಗಾಗಿ ಬೇಗ ಊಟ ಮುಗಿಸಿಕೊಂಡು ಸಮುದ್ರಕ್ಕೆ ಹೋಗಬಹುದು, ಆಗ ಬಿಸಿಲೂ ಇಲ್ಲ, ಜನವೂ ಕಮ್ಮಿ. ಉತ್ತರಕ್ಕೆ ಪಿಲಾ ಮರಳುಗುಡ್ಡ ಇದೆ. ಸುಮಾರು 100 ಮೀಟರ್ ಎತ್ತರ, ಯುರೋಪಿನಲ್ಲೇ ಅತಿ ಎತ್ತರದ ಮರಳುಗುಡ್ಡ ಅದು. ಸೀಸನ್‌ನಲ್ಲಿ ಮೆಟ್ಟಿಲು ಇಟ್ಟಿರುತ್ತಾರೆ, ಆದರೂ ಮಂಡಿನೋವು ಇರುವವರಿಗೆ ಕಷ್ಟ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಮರಳು ಸುಡುತ್ತದೆ.

ಆಗಸ್ಟ್ ಆದಷ್ಟು ಬೇಡ. ಇಡೀ ಫ್ರಾನ್ಸ್ ರಜೆಯಲ್ಲಿರುತ್ತದೆ, ಬಾಡಿಗೆಯೂ ಜಾಸ್ತಿ. ಮಗಳ ಶಾಲೆ ಬಿಡುವು ಕೊಟ್ಟರೆ ಜೂನ್ ಕೊನೆ ಬಹಳ ಚೆನ್ನ. ಜುಲೈ, ಆಗಸ್ಟ್‌ನಲ್ಲಿ ಮನೆಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಶನಿವಾರ ರಸ್ತೆಯಲ್ಲಿ ವಿಪರೀತ ವಾಹನ, ಅದನ್ನು ಲೆಕ್ಕ ಹಾಕಿಕೊಂಡು ಹೊರಡಿ.

ಇನ್ನೊಂದು ಮಾತು. 2022ರ ಜುಲೈನಲ್ಲಿ ಆ ಕಾಡಿನಲ್ಲಿ ದೊಡ್ಡ ಬೆಂಕಿ ಬಿತ್ತು, 20,000 ಹೆಕ್ಟೇರಿಗಿಂತ ಜಾಸ್ತಿ ಸುಟ್ಟುಹೋಯಿತು. ಒಣಗಾಳಿ ಇರುವ ದಿನಗಳಲ್ಲಿ ಕಾಡಿನ ದಾರಿ ಮುಚ್ಚುತ್ತಾರೆ. ಅದನ್ನು ಮೀರಿ ಒಳಗೆ ಹೋಗಬೇಡಿ. ಇದ್ದಿಲ ಒಲೆಯಂತೂ ಹಚ್ಚಲೇಬೇಡಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೆಲ್ಲ ಕಾರು ಬೇಕು. ನಾವು ರೈಲಿನಲ್ಲೇ ಹೋಗಿದ್ದೆವು. ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ಬೋರ್ಡೋಗೆ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಅರ್ಕಶೋನ್‌ಗೆ ಇನ್ನೊಂದು ಗಂಟೆಯೊಳಗೆ. ಅಲ್ಲಿ ಕೊಲ್ಲಿ ಇರುವುದರಿಂದ ಅಲೆ ಇಲ್ಲ. ದೋಣಿಯಲ್ಲಿ ಆಚೆ ದಡದ ಕಾಪ್ ಫೆರೆಗೆ ಹೋಗಬಹುದು, ನೀರಿನ ಮಧ್ಯೆ ಕಂಬಗಳ ಮೇಲೆ ನಿಂತ ಮನೆಗಳನ್ನು ನೋಡಬಹುದು. ಮರಳುಗುಡ್ಡಕ್ಕೆ ಬಸ್ ಇದೆ. ಹೊರಡುವ ಮುನ್ನ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಇಳಿತದ ಹೊತ್ತಿಗೆ ಕೊಲ್ಲಿಯ ಒಳಭಾಗದಲ್ಲಿ ನೀರು ಎಷ್ಟೋ ದೂರ ಸರಿದು ಬರೀ ಕೆಸರು ಉಳಿಯುತ್ತದೆ. ಅಪ್ಪ ಅಮ್ಮ ಜಾಸ್ತಿ ದಿನ ನೆದರ್‌ಲೆಂಡ್ಸಿನಲ್ಲೇ ಇರುವುದಾದರೆ ಅಲ್ಲಿಯ ಷೆಂಗೆನ್ ವೀಸಾ ಸಾಕು, ಫ್ರಾನ್ಸಿಗೆ ಬೇರೆ ಬೇಡ.

ಮತ್ತೊಬ್ಬರು: ಊಟದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ, ಕುಕ್ಕರ್, ಬೇಳೆ, ಸಾರಿನ ಪುಡಿ ಒಯ್ಯಿರಿ. ಬೆಳಗಿನ ಸಂತೆಯಲ್ಲಿ ಟೊಮೆಟೊ, ಕರಬೂಜ, ಪೀಚ್ ಎಲ್ಲ ಬಹಳ ರುಚಿ. ಹೋಟೆಲಿನಲ್ಲಿ ಲಾಂಡ್ ಸಲಾಡ್ ಅಂತ ಇದ್ದರೆ ಸಲಾಡ್ ತಾನೇ ಅಂತ ತರಿಸಬೇಡಿ, ಅದರಲ್ಲಿ ಬಾತುಕೋಳಿ ಮಾಂಸ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಸಂಜೆ ಏಳರವರೆಗೆ ಅಡುಗೆಮನೆ ಮುಚ್ಚಿರುವ ಹೋಟೆಲುಗಳೇ ಜಾಸ್ತಿ, ಮಗುವಿಗೆ ತಿಂಡಿ ಕೈಯಲ್ಲಿರಲಿ. ಬಾಡಿಗೆ ಮನೆಯಲ್ಲಿ ಹಾಸಿಗೆ ಬಟ್ಟೆ, ಟವೆಲ್ ಸೇರಿದೆಯಾ ಅಂತ ಮೊದಲೇ ಕೇಳಿ, ಎಷ್ಟೋ ಕಡೆ ನಾವೇ ಒಯ್ಯಬೇಕು. ಕ್ಯಾಂಪಿಂಗ್ ಜಾಗದ ಈಜುಕೊಳಕ್ಕೆ ಗಂಡಸರನ್ನು ಸಡಿಲ ಚಡ್ಡಿಯಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಅಪ್ಪನಿಗೂ ಯಜಮಾನರಿಗೂ ಮೈಗಂಟುವ ಈಜುಡುಗೆ ಹೊರಡುವ ಮುಂಚೆಯೇ ಕೊಂಡಿಡಿ.